ಕಾರ್ಲೋ ರೊಸ್ಸೆಲ್ಲಿ ಪುಸ್ತಕ, ಎಡದವ್ರೂ ಬಲದವ್ರೂ ಓದ್ಬೇಕು

ಚರ್ಚ್ ಸ್ಟ್ರೀಟ್‌ನ ಬ್ಲಾಸಮ್ ಪುಸ್ತಕದಂಗಡೀಲಿ ಇಟಲಿಯ ಚಿಂತಕ ರೊಸ್ಸೆಲ್ಲಿ ಅವರ ‘ಲಿಬರಲ್ ಸೋಷಿಯಲಿಸಂ’ ಸಿಕ್ತು, ಪ್ರಿನ್ಸ್‌ಟನ್ ಪ್ರಕಾಶನದವ್ರ ಇಂಗ್ಲಿಷ್ ಅನುವಾದ. ಮುಸೊಲಿನಿಯ ಫ್ಯಾಸಿಸ್ಟ್ ಸರ್ಕಾರ ಇವ್ರನ್ನ ಲಿಪರಿ ದ್ವೀಪಕ್ಕೆ ಗಡೀಪಾರು ಮಾಡಿದ್ದಾಗ ಬರೆದಿದ್ದು ಇದು, ಆಮೇಲೆ 1929ರಲ್ಲಿ ಮೋಟಾರ್ ಬೋಟಲ್ಲಿ ತಪ್ಪಿಸ್ಕೊಂಡು ಪ್ಯಾರಿಸ್ ಸೇರಿ ಲಿಬರಲ್‌ಗಳು ರಿಪಬ್ಲಿಕನ್‌ಗಳು ಸೋಷಿಯಲಿಸ್ಟ್‌ಗಳು ಎಲ್ರನ್ನೂ ಫ್ಯಾಸಿಸಂ ವಿರುದ್ಧ ಒಂದೇ ಸಂಘಟನೆಗೆ ತಂದ್ರು, ‘ನ್ಯಾಯ ಮತ್ತು ಸ್ವಾತಂತ್ರ್ಯ’ ಅಂತ ಅದರ ಹೆಸರು. ಹೊಟ್ಟೆಗೆ ಹಿಟ್ಟಿಲ್ದೋರಿಗೆ ಸ್ವಾತಂತ್ರ್ಯ ಬರೀ ಮಾತಷ್ಟೇ, ಹಾಗಂತ ಸಮಾನತೆ ಹೆಸರಲ್ಲಿ ಸ್ವಾತಂತ್ರ್ಯ ಕಿತ್ಕೊಳ್ಳೋದೂ ತಪ್ಪು ಅನ್ನೋ ವಾದ ನಂಗಂತೂ ತುಂಬಾ ಹಿಡಿಸ್ತು. ಮಾರ್ಕ್ಸ್‌ವಾದದ ವಿಮರ್ಶೆ ಇರೋ ಭಾಗ ಸ್ವಲ್ಪ ಕಷ್ಟ, ನಿಧಾನಕ್ಕೆ ಓದಿ. 1937ರಲ್ಲಿ ಫ್ರಾನ್ಸಲ್ಲಿ ತಮ್ಮ ನೆಲ್ಲೋ ಜೊತೆ ಇವ್ರನ್ನೂ ಕೊಂದ್ರು, ನೆನೆಸ್ಕೊಂಡ್ರೆ ಸಂಕಟ ಆಗುತ್ತೆ. ಯಾರಾದ್ರೂ ಕನ್ನಡಕ್ಕೆ ತನ್ನಿ ದಯವಿಟ್ಟು.