ಕ್ಲ್ಯಾಟ್ ಮರುಪ್ರಯತ್ನ: ಆನ್‌ಲೈನ್ ಕೋರ್ಸ್, ಬೆಂಗಳೂರಿನ ತರಗತಿ, ಹಾಸನದಲ್ಲೇ ಸ್ವಂತ ಓದು

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ ಕ್ಲ್ಯಾಟ್ ಪರೀಕ್ಷೆಯೂ ಅದರ ಫಲಿತಾಂಶವೂ ಈಗ ಡಿಸೆಂಬರ್‌ನಲ್ಲೇ ಮುಗಿದುಹೋಗುತ್ತವೆ. ಹೀಗಾಗಿ ದ್ವಿತೀಯ ಪಿಯುಸಿ ಓದುತ್ತಲೇ ಪರೀಕ್ಷೆ ಬರೆದವರ ಮನೆಗಳಲ್ಲಿ, ಪೂರ್ವಸಿದ್ಧತಾ ಪರೀಕ್ಷೆಯೂ ವಾರ್ಷಿಕ ಪರೀಕ್ಷೆಯೂ ಎದುರಿಗೆ ನಿಂತಿರುವ ಹೊತ್ತಿನಲ್ಲೇ, ಇನ್ನೊಂದು ವರ್ಷವನ್ನು ಇದಕ್ಕೆ ಕೊಡಬೇಕೇ ಬೇಡವೇ ಎಂಬ ಚರ್ಚೆ ಶುರುವಾಗುತ್ತದೆ. ನಾನು ಮೊದಲ ಸಲ ಆನ್‌ಲೈನ್ ಕೋರ್ಸ್ ನೆಚ್ಚಿಕೊಂಡು ಬರೆದೆ. ಬಯಸಿದ ವಿಶ್ವವಿದ್ಯಾಲಯಕ್ಕೆ ರ‍್ಯಾಂಕ್ ಸಾಲಲಿಲ್ಲ. ಪಿಯು ಪರೀಕ್ಷೆ ಮುಗಿದ ಮೇಲೆ ಬೆಂಗಳೂರಿನ ಒಂದು ತರಗತಿಗೆ ಸೇರಿದೆ. ಮಳೆಗಾಲ ಹಿಡಿಯುವ ಹೊತ್ತಿಗೆ ಅದನ್ನೂ ಬಿಟ್ಟು ಹಾಸನಕ್ಕೆ ಮರಳಿ, ಮಾಕ್ ಟೆಸ್ಟ್ (ಅಣಕು ಪರೀಕ್ಷೆ) ಸರಣಿಯೊಂದನ್ನು ಮಾತ್ರ ಕೊಂಡು ಮನೆಯಲ್ಲೇ ಓದಿದೆ. ಅದೇ ವರ್ಷ ನನ್ನ ಚಿಕ್ಕಮ್ಮನ ಮಗ ಊರಿನ ಕಾನೂನು ಕಾಲೇಜಿಗೆ ಸೇರಿಕೊಂಡೇ ಮರುಪ್ರಯತ್ನ ಮಾಡಿದ. ಈ ದಾರಿಗಳಲ್ಲಿ ಯಾವುದು ಯಾರಿಗೆ ಒದಗುತ್ತದೆ ಎಂಬುದನ್ನು ನಮ್ಮ ಅನುಭವದ ಮಟ್ಟಿಗೆ ಇಲ್ಲಿ ಹೋಲಿಸಿದ್ದೇನೆ.

ಹೋಲಿಕೆಗೆ ಮುನ್ನ ಪರೀಕ್ಷೆಯ ಸ್ವರೂಪವನ್ನು ಗಮನಿಸಬೇಕು. 2008ರಲ್ಲಿ ಆರಂಭವಾದ ಈ ಪರೀಕ್ಷೆ 2020ರಿಂದ ಪೂರ್ತಿಯಾಗಿ ಪ್ಯಾಸೇಜ್ (ಓದಲು ಕೊಡುವ ಗದ್ಯಭಾಗ) ಆಧಾರಿತವಾಯಿತು. 2024ನೇ ಸಾಲಿನ ಪ್ರವೇಶದಿಂದ ಪ್ರಶ್ನೆಗಳ ಸಂಖ್ಯೆ 150ರಿಂದ 120ಕ್ಕೆ ಇಳಿಯಿತು. ಸಮಯ 120 ನಿಮಿಷ, ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಪ್ರಚಲಿತ ವಿದ್ಯಮಾನ ಮತ್ತು ಲೀಗಲ್ ರೀಸನಿಂಗ್ ತಲಾ ಕಾಲುಭಾಗ, ಇಂಗ್ಲಿಷ್ ಮತ್ತು ಲಾಜಿಕಲ್ ರೀಸನಿಂಗ್ ತಲಾ ಐದನೇ ಒಂದು ಭಾಗ, ಉಳಿದ ಹತ್ತನೇ ಒಂದು ಭಾಗ ಗಣಿತ. ಒಂದೊಂದು ಪ್ಯಾಸೇಜ್ 450 ಪದಗಳವರೆಗೆ ಇರುತ್ತದೆ. ಒಂದಕ್ಕೆ ನಾಲ್ಕರಿಂದ ಆರು ಪ್ರಶ್ನೆ ಎಂದು ಲೆಕ್ಕ ಹಾಕಿದರೆ ಎರಡು ಗಂಟೆಯಲ್ಲಿ ಓದಬೇಕಾದದ್ದು ಒಂಬತ್ತು ಹತ್ತು ಸಾವಿರ ಇಂಗ್ಲಿಷ್ ಪದ. ನಿಮಿಷಕ್ಕೆ 200 ಪದ ಓದುವವರಿಗೆ ಬರೀ ಓದಿಗೇ 50 ನಿಮಿಷ ಬೇಕು. 120 ಪದ ಓದುವವರಿಗೆ 80 ನಿಮಿಷ ದಾಟುತ್ತದೆ, ಯೋಚಿಸಲು ಉಳಿಯುವುದು ಅಲ್ಪ. ಪ್ರೌಢಶಾಲೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಾನೂನಿಗಿಂತ ಮೊದಲು ಎದುರಾಗುವ ತೊಡಕು ಇದೇ ಆಗಿದ್ದು, ಮುಂದಿನ ಹೋಲಿಕೆಯನ್ನೆಲ್ಲ ನಾನು ಬಹುಮಟ್ಟಿಗೆ ಈ ಅಳತೆಗೋಲಿನಿಂದಲೇ ಮಾಡಿದ್ದೇನೆ.

ಆನ್‌ಲೈನ್ ಕೋರ್ಸಿನ ಅನುಕೂಲ ಎಲ್ಲರಿಗೂ ತಿಳಿದದ್ದೇ. ಹಗಲು ಪಿಯು ಕಾಲೇಜು, ಸಂಜೆ ತರಗತಿ, ತಪ್ಪಿದರೆ ರೆಕಾರ್ಡಿಂಗ್. ಹಾಸನದಲ್ಲಿ ನೀಟ್, ಸಿಇಟಿಗೆ ಸಿಗುವಷ್ಟು ಕೋಚಿಂಗ್ ಕ್ಲ್ಯಾಟ್‌ಗೆ ಸಿಗುವುದಿಲ್ಲವಾದ್ದರಿಂದ, ಪಿಯು ಓದುತ್ತಲೇ ಮೊದಲ ಸಲ ಬರೆಯುವವರಿಗೆ ಇದನ್ನು ಬಿಟ್ಟರೆ ಬೇರೆ ದಾರಿ ಹೆಚ್ಚೇನೂ ಇಲ್ಲ. ವಿಷಯ ಪರಿಚಯಕ್ಕೆ ಇದು ಧಾರಾಳವಾಗಿ ಸಾಕು. ಆದರೆ ರೆಕಾರ್ಡಿಂಗ್ ಇದೆ ಎಂಬ ಧೈರ್ಯವೇ ನೋಡದ ಪಾಠಗಳ ರಾಶಿಯನ್ನು ಬೆಳೆಸುತ್ತದೆ, ಮತ್ತು ಮೇಷ್ಟ್ರು ಪ್ಯಾಸೇಜನ್ನು ಗಟ್ಟಿಯಾಗಿ ಓದಿ ಬಿಡಿಸಿ ಹೇಳುವಾಗ ಕೇಳುವವರಿಗೆ ತಾವೇ ಓದಿದ ಸಮಾಧಾನ ಸಿಗುತ್ತದೆ. ಕೇಳುವುದರಿಂದ ಓದಿನ ವೇಗ ಹೆಚ್ಚುವುದಿಲ್ಲ. ಮರುಪ್ರಯತ್ನಕ್ಕೆ ಅದೇ ಕೋರ್ಸನ್ನು ರಿಯಾಯಿತಿ ದರದಲ್ಲಿ ಮತ್ತೆ ಕೊಳ್ಳಿರೆಂದು ಫೋನ್ ಮೇಲೆ ಫೋನ್ ಬರುತ್ತದೆ. ಒಮ್ಮೆ ಕೇಳಿದ ಪಾಠವನ್ನು ಎರಡನೇ ಸಲ ಕೇಳಲು ಹಣ ಕೊಡುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಬೆಂಗಳೂರಿನ ತರಗತಿಯ ನಿಜವಾದ ಬೆಲೆ ಇರುವುದು ಜೊತೆಗಾರರಲ್ಲಿ. ನನಗೆ ಏಳೆಂಟು ನಿಮಿಷ ಹಿಡಿಯುತ್ತಿದ್ದ ಪ್ಯಾಸೇಜನ್ನು ಪಕ್ಕದ ಬೆಂಚಿನವರು ಅದರ ಅರ್ಧದಲ್ಲಿ ಮುಗಿಸುವುದನ್ನು ಕಂಡಾಗಲೇ ನಾನು ಎಲ್ಲಿ ನಿಂತಿದ್ದೇನೆ ಎಂಬುದು ಸರಿಯಾಗಿ ತಿಳಿಯಿತು; ಮೊಬೈಲ್ ಪರದೆಯ ಮೇಲಿನ ಪರ್ಸೆಂಟೈಲ್ ಆ ತಿಳಿವನ್ನು ಕೊಟ್ಟಿರಲಿಲ್ಲ. ಕಾಗದದ ಪ್ರಶ್ನೆಪತ್ರಿಕೆ, ಉತ್ತರದ ಗುಂಡುಗಳನ್ನು ಪೆನ್ನಿನಿಂದ ತುಂಬುವ ಒಎಂಆರ್ ಹಾಳೆ, ಗಡಿಯಾರ ನೋಡುವ ಮೇಲ್ವಿಚಾರಕರು, ಹೀಗೆ ನಿಜವಾದ ಪರೀಕ್ಷೆಯ ವಾತಾವರಣವೂ ಅಲ್ಲಿ ಸಿಕ್ಕಿತು. ಇನ್ನೊಂದು ಕಡೆ, ಶುಲ್ಕದ ಜೊತೆಗೆ ಪಿಜಿ ಬಾಡಿಗೆ, ಊಟ, ಓಡಾಟ ಎಲ್ಲವನ್ನೂ ಕೂಡಿಸಿದರೆ ಸಾಧಾರಣ ಕುಟುಂಬಕ್ಕೆ ಅದು ಹಗುರವಾದ ಹೊರೆಯಲ್ಲ. 2017ರಲ್ಲಿ ಶ್ರವಣಬೆಳಗೊಳ ಮಾರ್ಗದ ರೈಲು ಪೂರ್ಣವಾದ ಮೇಲೆ ವಾರಾಂತ್ಯಕ್ಕೆ ಮಾತ್ರ ಹೋಗಿಬರುವುದು ಸಾಧ್ಯವಾಗಿದೆ ಎಂಬುದು ನಿಜ. ಆದರೆ ಸೋಮವಾರದ ಓದು ಆ ಪ್ರಯಾಣದ ಆಯಾಸಕ್ಕೇ ಹೋಗುತ್ತದೆ. ಅದಕ್ಕಿಂತ ನನ್ನನ್ನು ಕಾಡಿದ್ದು, ಹೊಸದಾಗಿ ಸೇರಿದವರಿಗೂ ಮತ್ತೆ ಬರೆಯುವವರಿಗೂ ಒಂದೇ ಪಾಠವನ್ನು ಮೊದಲಿನಿಂದ ಆರಂಭಿಸಿದ್ದು. ಕರಾರು ಎಂದರೇನು, ನಿರ್ಲಕ್ಷ್ಯ ಎಂದರೇನು ಎಂಬುದನ್ನು ಕೇಳುತ್ತ ಕುಳಿತುಕೊಳ್ಳುವ ಅಗತ್ಯ ನನಗಿರಲಿಲ್ಲ.

ಹಾಸನದ ಸ್ವಂತ ಓದಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಮೂರರಲ್ಲಿ ಅತ್ಯಂತ ಅಗ್ಗದ್ದೂ ಅತ್ಯಂತ ಸುಲಭವಾಗಿ ಹಳಿ ತಪ್ಪುವಂಥದ್ದೂ ಇದೇ. ಬೆಳಿಗ್ಗೆ ಇಂಗ್ಲಿಷ್ ದಿನಪತ್ರಿಕೆಯ ಸಂಪಾದಕೀಯ ಪುಟವನ್ನು ಗಡಿಯಾರ ಇಟ್ಟುಕೊಂಡು ಓದಿ, ಒಂದೊಂದು ಲೇಖನದ ವಾದವೇನು, ಆ ವಾದ ನಿಂತಿರುವ ಊಹೆ ಯಾವುದು ಎಂಬುದನ್ನು ಎರಡು ಸಾಲಿನಲ್ಲಿ ಬರೆಯುವುದು ಮೊದಲ ಕೆಲಸವಾಗಿತ್ತು. ಆ ಎರಡು ಸಾಲನ್ನು ನಾನು ಕನ್ನಡದಲ್ಲೇ ಬರೆಯುತ್ತಿದ್ದೆ. ಅರ್ಥವಾಗಿದ್ದರೆ ಕನ್ನಡದಲ್ಲಿ ಹೇಳಲು ಬರುತ್ತದೆ, ಅರ್ಥವಾಗದಿದ್ದರೆ ಇಂಗ್ಲಿಷ್ ಪದಗಳನ್ನೇ ತಿರುವಿ ಹಾಕಿ ಪಾರಾಗಲು ಅವಕಾಶವಿರುವುದಿಲ್ಲ. ಪ್ರಚಲಿತ ವಿದ್ಯಮಾನಕ್ಕೆ ಮಾತ್ರ ಕನ್ನಡ ಪತ್ರಿಕೆಯನ್ನು ಮೊದಲು ಓದಿ ನಂತರ ಇಂಗ್ಲಿಷಿನದನ್ನು ಓದಿದರೆ ಸಮಯ ಉಳಿಯುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಂಥ ವಿಷಯದ ಹಿನ್ನೆಲೆ ಕನ್ನಡದಲ್ಲಿ ಒಮ್ಮೆ ತಿಳಿದಿದ್ದರೆ, ಅದರ ಮೇಲಿನ ಇಂಗ್ಲಿಷ್ ಪ್ಯಾಸೇಜ್ ಅರ್ಧ ಪರಿಚಿತವಾಗಿಯೇ ಕಣ್ಣಿಗೆ ಬೀಳುತ್ತದೆ.

ಮಾಕ್ ಟೆಸ್ಟ್ ಬರೆಯುವ ವೇಳೆಯೂ ಮುಖ್ಯವೆಂದು ಹೇಳಿದರೆ ಅತಿರೇಕ ಎನಿಸಬಹುದು. ಕ್ಲ್ಯಾಟ್ ನಡೆಯುವುದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಮುದ್ದೆಯೂಟ ಮಾಡಿದ ಯಾರಿಗಾದರೂ ಕಣ್ಣು ಎಳೆಯುವ ಹೊತ್ತು. ಹಾಗಾಗಿ ಭಾನುವಾರದ ಮಾಕ್‌ಗೆ ಅದೇ ಎರಡು ಗಂಟೆಯನ್ನು ಮೀಸಲಿಟ್ಟು, ಪಿಡಿಎಫ್ ಅನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು, ಒಎಂಆರ್ ಹಾಳೆಯ ಮೇಲೆ ಬಾಲ್‌ಪೆನ್ನಿನಿಂದ ಗುಂಡು ತುಂಬಿಯೇ ಅಭ್ಯಾಸ ಮಾಡಿದೆ. ಪರದೆಯ ಮೇಲೆ ಕ್ಲಿಕ್ ಮಾಡುವಾಗ ಲೆಕ್ಕಕ್ಕೇ ಬಾರದ ಈ ಗುಂಡು ತುಂಬುವ ಕೆಲಸ ಹಲವು ನಿಮಿಷಗಳನ್ನು ನುಂಗುತ್ತದೆ. ಒಂದು ಪ್ಯಾಸೇಜ್ ಮುಗಿದ ಕೂಡಲೇ ಅದರ ಐದು ಗುಂಡುಗಳನ್ನು ಒಟ್ಟಿಗೆ ತುಂಬುವುದು ನನಗೆ ಹೊಂದಿಕೊಂಡ ಕ್ರಮ. ಮರುದಿನ ತಪ್ಪುತ್ತರಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಿದ್ದೆ: ಪ್ಯಾಸೇಜ್ ಅರ್ಥವಾಗದೆ ತಪ್ಪಿದ್ದು, ಎರಡು ಆಯ್ಕೆಗಳ ನಡುವೆ ಜಾರಿದ್ದು, ಸಮಯ ಸಾಲದೆ ಬಿಟ್ಟದ್ದು. ಬಿಟ್ಟವುಗಳ ಕುರಿತು ಒಂದು ಚಿಕ್ಕ ಲೆಕ್ಕ: ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಖಚಿತವಾಗಿ ಹೊಡೆದುಹಾಕಲು ಸಾಧ್ಯವಾದರೆ, ಉಳಿದ ಮೂರರಲ್ಲಿ ಊಹಿಸಿ ಗುರುತು ಮಾಡುವುದರಿಂದ ಸರಾಸರಿಯಲ್ಲಿ ಆರನೇ ಒಂದು ಅಂಕ ಲಾಭವೇ ಹೊರತು ನಷ್ಟವಿಲ್ಲ. ಕಾಲು ಅಂಕದ ಭಯಕ್ಕೆ ಖಾಲಿ ಬಿಡುವುದನ್ನು ನಾನು ನಿಲ್ಲಿಸಿದ್ದು ಈ ಲೆಕ್ಕದ ಮೇಲೆ.

ಸ್ವಂತ ಓದಿನ ಶತ್ರುಗಳು ಮನೆಯೊಳಗೇ ಇರುತ್ತಾರೆ. ಮನೆಯಲ್ಲೇ ಇದ್ದೀಯಲ್ಲ ಎಂದು ಬ್ಯಾಂಕಿಗೂ ಅಂಗಡಿಗೂ ಕಳುಹಿಸುವವರಿಗೆ ಕೊರತೆಯಿಲ್ಲ. ಹಾಸನಾಂಬ ದೇವಾಲಯದ ಬಾಗಿಲು ತೆರೆಯುವ ದಿನಗಳಂತೂ ಪರೀಕ್ಷೆಗೆ ಕೆಲವೇ ವಾರ ಉಳಿದಿರುವಾಗ ಬರುತ್ತವೆ, ದರ್ಶನಕ್ಕೆ ಬಂದ ನೆಂಟರಿಂದ ಮನೆ ತುಂಬಿರುತ್ತದೆ. ಆ ವಾರಗಳಲ್ಲಿ ನಾನು ಗ್ರಂಥಾಲಯದಲ್ಲೇ ದಿನ ಕಳೆದೆ. ಇಷ್ಟಿದ್ದರೂ ಓದಿನ ವೇಗ ಕಣ್ಣಿಗೆ ಕಾಣುವಂತೆ ಏರಿದ್ದು ಈ ತಿಂಗಳುಗಳಲ್ಲೇ ಎಂಬುದರಿಂದ, ಮರುಪ್ರಯತ್ನ ಮಾಡುವವರಿಗೆ ನನ್ನ ಒಲವು ಸ್ಪಷ್ಟವಾಗಿ ಸ್ವಂತ ಓದು ಮತ್ತು ಮಾಕ್ ಸರಣಿಯ ಕಡೆಗಿದೆ. ಮೊದಲ ಸಲ ಬರೆಯುವವರಿಗೆ ಈ ಮಾತು ಹೊಂದುವುದಿಲ್ಲ.

ಇನ್ನು ಆ ವರ್ಷವನ್ನು ಪೂರ್ತಿ ಖಾಲಿ ಇಟ್ಟುಕೊಳ್ಳಬೇಕೇ, ಅಥವಾ ಊರಿನ ಕಾನೂನು ಕಾಲೇಜಿಗೆ ಸೇರಿ ಜೊತೆಯಲ್ಲೇ ಬರೆಯಬೇಕೇ ಎಂಬ ಪ್ರಶ್ನೆ. ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ಐದು ವರ್ಷದ ಕೋರ್ಸಿಗೆ ಪಿಯು ಅಂಕಗಳ ಮೇಲೆಯೇ ಪ್ರವೇಶ ಸಿಗುತ್ತದೆ. ವರ್ಷ ವ್ಯರ್ಥವಾಗದು ಎಂದು ಹಿರಿಯರು ಹೇಳುವುದು ಇದನ್ನೇ ನೋಡಿ. ಆದರೆ ಕ್ಲ್ಯಾಟ್ ಮೂಲಕ ಸಿಗುವುದು ಮೊದಲ ವರ್ಷದ ಪ್ರವೇಶ ಮಾತ್ರವಾದ್ದರಿಂದ, ಗೆದ್ದರೆ ಎರಡೂ ದಾರಿಯಲ್ಲಿ ಒಂದು ವರ್ಷ ಹೋಗಿಯೇ ಹೋಗುತ್ತದೆ. ವ್ಯತ್ಯಾಸ ಕಾಣುವುದು ಸೋತಾಗ. ಕಾಲೇಜು ಸೇರಿದವರು ಎರಡನೇ ವರ್ಷಕ್ಕೆ ಹೋಗುತ್ತಾರೆ, ಮನೆಯಲ್ಲಿ ಕುಳಿತವರು ಮೊದಲಿನಿಂದ ಆರಂಭಿಸುತ್ತಾರೆ. ಅಂದರೆ ಕಾಲೇಜು ಸೇರುವುದು ಒಂದು ಬಗೆಯ ವಿಮೆ. ಅದರ ಕಂತನ್ನು ಹಾಜರಾತಿ, ಆಂತರಿಕ ಮೌಲ್ಯಮಾಪನ, ಸೆಮಿಸ್ಟರ್ ಓದಿನ ರೂಪದಲ್ಲಿ ಕಟ್ಟಬೇಕಾಗುತ್ತದೆ.

ಚಿಕ್ಕಮ್ಮನ ಮಗನಿಗೆ ಇನ್ನೊಂದು ವಿಚಿತ್ರ ತೊಂದರೆಯೂ ಎದುರಾಯಿತು. ಲೀಗಲ್ ರೀಸನಿಂಗ್‌ನಲ್ಲಿ ಹೊರಗಿನ ಕಾನೂನು ಜ್ಞಾನ ಬೇಕಿಲ್ಲ. ಪ್ಯಾಸೇಜ್‌ನಲ್ಲಿ ಕೊಟ್ಟ ನಿಯಮವನ್ನೇ ಸಂದರ್ಭಕ್ಕೆ ಅನ್ವಯಿಸಬೇಕು. ಉದಾಹರಣೆಗೆ, ಅಪ್ರಾಪ್ತ ವಯಸ್ಕರೊಡನೆ ಮಾಡಿಕೊಂಡ ಕರಾರು ಆರಂಭದಿಂದಲೇ ಅನೂರ್ಜಿತ, ಅದರಡಿ ಕೊಟ್ಟ ಹಣವನ್ನು ಮರಳಿ ಕೇಳುವಂತಿಲ್ಲ ಎಂದು ಪ್ಯಾಸೇಜ್ ಹೇಳುತ್ತದೆ ಎನ್ನಿ. ಹದಿನೇಳು ವರ್ಷದ ಹುಡುಗನೊಬ್ಬ ಆಲೂಗೆಡ್ಡೆ ಬೆಳೆಗೆ ವ್ಯಾಪಾರಿಯಿಂದ ಮುಂಗಡ ಪಡೆದು ಮಾಲು ಕೊಡದಿದ್ದರೆ, ವ್ಯಾಪಾರಿಗೆ ಮುಂಗಡ ವಾಪಸು ಸಿಗುತ್ತದೆಯೇ ಎಂಬುದು ಪ್ರಶ್ನೆ. ನನಗೆ ಇದರಲ್ಲಿ ಗೊಂದಲವಿಲ್ಲ, ಸಿಗುವುದಿಲ್ಲ. ಅಪ್ರಾಪ್ತರ ಕರಾರು ಅನೂರ್ಜಿತವೆಂದು ತೀರ್ಪಾದ 1903ರ ಮೊಹರಿ ಬೀಬಿ ಪ್ರಕರಣವನ್ನೂ, ಪಡೆದ ಲಾಭವನ್ನು ಮರಳಿಸುವಂತೆ ನ್ಯಾಯಾಲಯ ಹೇಳಲು ಅವಕಾಶವಿರುವ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೇ ಕಲಮನ್ನೂ ಓದಿಕೊಂಡವನು ಅಲ್ಲಿ ತಡವರಿಸುತ್ತಾನೆ. ಕಾನೂನು ಹೆಚ್ಚು ಬಲ್ಲವನಿಗೆ ಕಾನೂನು ಪ್ರವೇಶ ಪರೀಕ್ಷೆಯಲ್ಲಿ ಅಂಕ ಹೋಗುವುದನ್ನು ನೋಡಿ ನಾವಿಬ್ಬರೂ ನಕ್ಕಿದ್ದುಂಟು. ಹಾಗೆಂದು ಅವನ ಆಯ್ಕೆಯನ್ನು ನಾನು ತಪ್ಪೆನ್ನಲಾರೆ. ಮನೆಯ ಪರಿಸ್ಥಿತಿ ಒಂದು ವರ್ಷದ ಅನಿಶ್ಚಿತತೆಯನ್ನು ತಾಳದಿದ್ದರೆ ಅದೇ ಸರಿಯಾದ ದಾರಿ. ಸೇರುವ ಮುನ್ನ, ಮಧ್ಯದಲ್ಲಿ ಬಿಟ್ಟರೆ ಟಿಸಿ, ಮೂಲ ಅಂಕಪಟ್ಟಿ ಮತ್ತು ಶುಲ್ಕ ಯಾವ ಷರತ್ತಿನ ಮೇಲೆ ಮರಳುತ್ತವೆ ಎಂಬುದನ್ನು ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ಮರುಪ್ರಯತ್ನವೇ ಬೇಡವೆನ್ನಬೇಕಾದ ಸಂದರ್ಭಗಳೂ ಇವೆ. ಕ್ಲ್ಯಾಟ್‌ಗೆ ಗರಿಷ್ಠ ವಯೋಮಿತಿ ಇಲ್ಲವೆಂಬುದು ಮತ್ತೆ ಮತ್ತೆ ಬರೆಯಲು ಕಾರಣವಾಗಬಾರದು. ಅಂಕಗಳು ಇಂಗ್ಲಿಷ್ ಮತ್ತು ಲಾಜಿಕಲ್ ವಿಭಾಗದಲ್ಲಿ ಸಮಯ ಸಾಲದೆ ಹೋಗಿದ್ದರೆ ಒಂದು ವರ್ಷದ ಓದು ಅದನ್ನು ತುಂಬಿಕೊಡಬಲ್ಲದು. ಸಾಕಷ್ಟು ಸಮಯವಿದ್ದೂ ಎಲ್ಲ ವಿಭಾಗಗಳಲ್ಲಿ ಸಮನಾಗಿ ಅಂಕ ಹೋಗಿದ್ದರೆ ಸಿಕ್ಕಿದ ವಿಶ್ವವಿದ್ಯಾಲಯಕ್ಕೆ ಸೇರುವುದೇ ಲೇಸು. ಅಖಿಲ ಭಾರತ ರ‍್ಯಾಂಕ್ ಒಂದನ್ನೇ ನೋಡಿ ಕೈಚೆಲ್ಲುವವರೂ ಇದ್ದಾರೆ; ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ, ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಶೇ 25ರಷ್ಟು ಸ್ಥಾನಗಳ ಮೀಸಲಾತಿ ಇರುವುದರಿಂದ, ಹಿಂದಿನ ವರ್ಷಗಳ ಆ ವರ್ಗದ ಕಟ್‌ಆಫ್ ಅನ್ನು ತೆಗೆದು ನೋಡಿದ ಮೇಲೆಯೇ ತೀರ್ಮಾನಿಸಬೇಕು. ತೀರ್ಮಾನವನ್ನು ಡಿಸೆಂಬರ್‌ನಲ್ಲೇ ಮಾಡಬೇಕೆಂದೂ ಇಲ್ಲ. 2025ರ ಪ್ರವೇಶದ ಕ್ಲ್ಯಾಟ್‌ನಲ್ಲಿ ಯಾವ ಉತ್ತರ ಸರಿ ಎಂಬ ವಿವಾದ ದೆಹಲಿ ಹೈಕೋರ್ಟ್ ದಾಟಿ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಇತ್ಯರ್ಥವಾಗುವವರೆಗೆ ಯಾರ ಸ್ಥಾನವೂ ಖಚಿತವಾಗಿರಲಿಲ್ಲ.

ಮರುಪ್ರಯತ್ನದ ವರ್ಷದಲ್ಲಿ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಐಲೆಟ್ ಪರೀಕ್ಷೆಯನ್ನೂ ಬರೆಯುವವರು ಹೆಚ್ಚು. ಅದರ 150 ಪ್ರಶ್ನೆಗಳಲ್ಲಿ 70 ಲಾಜಿಕಲ್ ರೀಸನಿಂಗ್‌ನವು; ಆ ವಿಭಾಗದಲ್ಲಿ ಗಟ್ಟಿ ಇದ್ದವರಿಗೆ ಪ್ರತ್ಯೇಕ ಸಿದ್ಧತೆ ಅಷ್ಟಾಗಿ ಬೇಕಾಗುವುದಿಲ್ಲ. ಪದವಿ ಮುಗಿಸಿಯೇ ಕಾನೂನು ಓದುತ್ತೇನೆ ಎನ್ನುವವರಿಗೆ ನ್ಯಾಷನಲ್ ಲಾ ಸ್ಕೂಲ್ 2022ರಲ್ಲಿ ಆರಂಭಿಸಿದ ಮೂರು ವರ್ಷದ ಎಲ್‌ಎಲ್‌ಬಿ ಇದೆ. ಅದರ ಪ್ರವೇಶ ಪರೀಕ್ಷೆಯಾದ ಎನ್‌ಎಲ್‌ಸ್ಯಾಟ್‌ನಲ್ಲಿ ಗುಂಡು ತುಂಬುವುದರ ಜೊತೆಗೆ ಉತ್ತರ ಬರೆಯುವ ಭಾಗವೂ ಇರುವುದರಿಂದ, ನಿಧಾನವಾಗಿ ಓದಿ ಚೆನ್ನಾಗಿ ಬರೆಯುವವರಿಗೆ ಕ್ಲ್ಯಾಟ್‌ಗಿಂತ ಅದು ಹೆಚ್ಚು ಒಗ್ಗೀತೆಂದು ನನಗೆ ತೋರುತ್ತದೆ. ಚಿಕ್ಕಮ್ಮನ ಮಗನ ತಂಗಿ ಈಗ ಪದವಿ ತರಗತಿಯಲ್ಲಿ ಓದುತ್ತ ಆ ದಾರಿಯನ್ನೇ ಹಿಡಿದಿದ್ದಾಳೆ.