ಅಮ್ಮನ ಫೋನಲ್ಲಿ ದಿನಾ ನೆಟ್ ಖಾಲಿ ಆಗ್ತಿದ್ರೆ ಅಂಗಡಿಗೆ ಓಡ್ಬೇಡಿ, ಮೊದ್ಲು ಇದನ್ನ ಓದಿ

ಬರೀಲೋ ಬೇಡ್ವೋ ಅಂತ ಎರಡು ದಿನ ಒದ್ದಾಡ್ದೆ, ಯಾಕಂದ್ರೆ ಮಾನ ಹೋಗೋದು ನಂದೇ. ಹತ್ತು ವರ್ಷದಿಂದ ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸ್ತಿರೋನು ನಾನು. ತಿಪಟೂರು ಕಡೆ ಒಬ್ಬ ಮೊಬೈಲ್ ಅಂಗಡಿ ಹುಡುಗ ಮೂರು ತಿಂಗಳು ನಮ್ಮಮ್ಮಂಗೆ ಟೋಪಿ ಹಾಕ್ದ, ನಾನು ಇಲ್ಲಿಂದ ಫೋನ್ ಮಾಡಿ ಅಮ್ಮಂಗೇ ಬೈತಿದ್ದೆ.

ಹೊಸ ಫೋನ್ ತಗೊಂಡ ದಿನ ಅವನು "ಸೆಟ್ಟಿಂಗ್ ಎಲ್ಲಾ ನಾನೇ ಮಾಡ್ಕೊಡ್ತೀನಿ ಬಿಡಿ ಅಣ್ಣ" ಅಂದ. ನಂಗೂ ಬಸ್ಸಿಗೆ ಟೈಮಾಗಿತ್ತು, ಬಿಟ್ಟೆ. ದಿನಕ್ಕೆ 1 ಜಿಬಿ ಪ್ಯಾಕು, ಅಮ್ಮ ನೋಡೋದು ವಾಟ್ಸಾಪ್ ಒಂದೇ. ಸೋಮವಾರ ಶಿವ, ಗುರುವಾರ ರಾಯರು, ಶನಿವಾರ ಆಂಜನೇಯ, ಇಷ್ಟೇ ಅವಳ ಇಂಟರ್ನೆಟ್ಟು. ಆದ್ರೂ ವಾರ ಕಳೆಯೋದ್ರಲ್ಲಿ ಮಧ್ಯಾಹ್ನಕ್ಕೇ ನೆಟ್ ಖಾಲಿ, ಫೋಟೋ ಮೇಲೆ ಬರೀ ಚಕ್ರ ತಿರುಗೋದು. ಅಂಗಡಿಗೆ ಹೋದ್ರೆ "ಅಮ್ಮಾ ನೀವು ಜಾಸ್ತಿ ನೋಡ್ತೀರ, ಬೂಸ್ಟರ್ ಹಾಕ್ಬೇಕು, ಐವತ್ತು ಕೊಡಿ". ಬೂಸ್ಟರ್ ಅಂದ್ರೆ ಪ್ಯಾಕಿನ ಮೇಲೆ ಹಾಕ್ಸೋ ಎಕ್ಸ್‌ಟ್ರಾ ನೆಟ್ಟು. ಹಾಕ್ಸಿದ್ದು ಸಂಜೆಗೆ ಮಾಯ. ಮತ್ತೆ ಹೋದ್ರೆ ಮತ್ತೆ ಐವತ್ತು.

ನಾನು ಕಸ್ಟಮರ್ ಕೇರಿಗೆ ಫೋನ್ ಮಾಡ್ದೆ. ಇಪ್ಪತ್ತು ನಿಮಿಷ ಹಾಡು ಕೇಳ್ಸಿ ಆಮೇಲೆ ಒಬ್ರು, "ಸರ್, ನಿಮ್ಮ ಫೋನಿಂದಲೇ ಬಳಕೆ ಆಗಿದೆ ಅಂತ ಸಿಸ್ಟಮ್ ತೋರಿಸ್ತಿದೆ ಸರ್, ಬೇರೆ ಏನಾದ್ರೂ ಸಹಾಯ ಬೇಕಾ ಸರ್?" ಬೇರೇದಂತೆ! ಇದೇ ಆಗಿಲ್ಲ ಮಾರಾಯ್ರೆ. ಸರಿ, ಆ ಸಿಟ್ಟನ್ನ ಎಲ್ಲಿ ತೀರಿಸ್ಕೊಳ್ಳೋದು, "ರಾತ್ರಿ ಹೊತ್ತು ಕದ್ದು ಸೀರಿಯಲ್ ನೋಡ್ತೀಯೇನಮ್ಮ" ಅಂತ ಅಮ್ಮನ್ನೇ ಕೇಳ್ದೆ. ಅವಳು ಏನೂ ಮಾತಾಡದೆ ಫೋನ್ ಇಟ್ಲು. ಅದು ಈಗ್ಲೂ ಚುಚ್ಚತ್ತೆ.

ಹೋದ ಭಾನುವಾರ ಊರಿಗೆ ಹೋದಾಗ ವಾಟ್ಸಾಪ್ ಸೆಟ್ಟಿಂಗ್ಸಲ್ಲಿ ಸ್ಟೋರೇಜ್ ಅಂಡ್ ಡೇಟಾ ತೆಗ್ದು ನೋಡಿದ್ರೆ ಮೀಡಿಯಾ ಆಟೋ ಡೌನ್‌ಲೋಡ್ ಅಂತ ಇರತ್ತಲ್ಲ (ಅಲ್ಲಿ ಯಾವ್ದಕ್ಕೆ ಟಿಕ್ ಇರತ್ತೋ ಅದು ನಾವು ಒತ್ತದೇ ಇದ್ರೂ ತಾನಾಗೇ ಇಳ್ಕೊಳ್ಳತ್ತೆ), ಅಲ್ಲಿ ಮೊಬೈಲ್ ಡೇಟಾ ಕೆಳಗೆ ಫೋಟೋ, ಆಡಿಯೋ, ವಿಡಿಯೋ, ಡಾಕ್ಯುಮೆಂಟ್, ನಾಲ್ಕಕ್ಕೂ ಟಿಕ್! ರೋಮಿಂಗಿಗೂ ನಾಲ್ಕೂ! ಆಂಡ್ರಾಯ್ಡಲ್ಲಿ ತಾನಾಗೇ ಇರೋದು ಮೊಬೈಲ್ ಡೇಟಾಗೆ ಫೋಟೋ ಒಂದೇ, ರೋಮಿಂಗಿಗೆ ಅದೂ ಇಲ್ಲ. ಯಾರೋ ಕೂತ್ಕೊಂಡು ಒತ್ತಿದ್ರೇನೇ ಹಿಂಗಾಗೋದು, ಅಮ್ಮ ಅಂತೂ ಆ ಜಾಗಕ್ಕೆ ಹೋಗೋಳಲ್ಲ. ಅದೇ ಸಮಯಕ್ಕೆ ನಮ್ಮ ಅಕ್ಕನ ಮಗಳ ಮದುವೆ ಬೇರೆ. ಕ್ಲಿಯರ್ ಬರ್ಲಿ ಅಂತ 200 ಫೋಟೋನ ಫ್ಯಾಮಿಲಿ ಗ್ರೂಪಿಗೆ ಡಾಕ್ಯುಮೆಂಟ್ ಮಾಡಿ ಹಾಕಿದ್ರು. ಹಂಗೆ ಕಳ್ಸಿದ್ರೆ ವಾಟ್ಸಾಪ್ ಸೈಜ್ ಇಳ್ಸಲ್ಲ. ಒಂದೊಂದು 8 ಎಂಬಿ ಅಂದ್ರೂ ಒಂದೂವರೆ ಜಿಬಿ ಮೇಲಾಯ್ತು. ಹಾಕಿದ್ದು ಯಾರು ಅಂತ ಕೇಳ್ಬೇಡಿ. ನಾನೇ.

ಬೂಸ್ಟರ್ ಯಾಕೆ ನಿಲ್ತಿರ್ಲಿಲ್ಲ ಅಂತ ಆಗ ಹೊಳೀತು. ಅರ್ಧಕ್ಕೆ ನಿಂತಿದ್ದೆಲ್ಲ ನೆಟ್ ಸಿಕ್ಕಿದ್ದೇ ತಡ ಇಳ್ಕೊಂಡು ಖಾಲಿ ಮಾಡ್ತಿತ್ತು.

ಅಮ್ಮ ಹಾಲಿನ ಲೆಕ್ಕದ ಪುಸ್ತಕ ತಂದ್ಕೊಟ್ಲು. ಹಾಲು, ಹಾಲು, ನೆಟ್ 50, ಹಾಲು, ನೆಟ್ 50. ಎಣಿಸ್ದೆ, 24 ಸಲ, ₹1,200. ಅವಳು ಓದದೇ ಬಿಟ್ಟಿದ್ದ ಇಂಗ್ಲಿಷ್ ಮೆಸೇಜಲ್ಲಿ ನೋಡಿದ್ರೆ ಪ್ರತಿ ಸಲ ಹಾಕಿರೋದು ₹29ದು. ₹29!! ಉಳಿದ ₹21 ಯಾವ ಸೇವೆಗೆ?

ಅಂಗಡಿಗೆ ಹೋದೆ. "ಎಲ್ಲಾ ಬೇಗ ಓಪನ್ ಆಗ್ಲಿ ಅಂತ ಹಾಕ್ದೆ ಅಣ್ಣ, ವಯಸ್ಸಾದವ್ರಿಗೆ ಒತ್ತಕ್ಕೆ ಬರಲ್ವಲ್ಲ" ಅಂತಾನೆ. ಮತ್ತೆ 21? "ಸರ್ವೀಸ್ ಚಾರ್ಜು." ಬೋರ್ಡಲ್ಲಿ ಎಲ್ಲಿದೆ ತೋರ್ಸು ಅಂದ್ರೆ "ನೀವೇ ಆನ್‌ಲೈನಲ್ಲಿ ಹಾಕ್ಬೋದಿತ್ತಲ್ಲ ಅಣ್ಣ, ಮಗ ಅಲ್ವಾ ನೀವು" ಅಂದ. ಪಕ್ಕದಲ್ಲಿ ಇಬ್ರು ಗಿರಾಕಿ ನಿಂತಿದ್ರು. ನನ್ ಬಾಯಲ್ಲಿ ಮಾತೇ ಹೊರಡ್ಲಿಲ್ಲ.

ಮನೇಲಿ ದೊಡ್ಡೋರ ಫೋನ್ ಇದ್ರೆ ಇವತ್ತೇ ಹೋಗಿ ಆ ಟಿಕ್ ಎಲ್ಲಾ ತೆಗೀರಿ, ಬೇಕಾದ ಫೋಟೋ ಮಾತ್ರ ಒತ್ತಿ ನೋಡೋದು ಕಲಿಸಿ, ಅದು ಎರಡು ನಿಮಿಷದ ಪಾಠ. ಅಲ್ಲೇ ನೆಟ್‌ವರ್ಕ್ ಯೂಸೇಜ್ ಅಂತಾನೂ ಇದೆ, ಎಷ್ಟು ಎಂಬಿ ಬಂದಿದೆ ಅಂತ ತೋರಿಸತ್ತೆ. ರೀಚಾರ್ಜ್ ನೀವೇ ಹಾಕಿ, ನನ್ನಂಗೆ ಮಾತು ಕೇಳಿಸ್ಕೋಬೇಡಿ.

ಟಿಕ್ ತೆಗೆದು ಐದು ದಿನ ಆಯ್ತು, ರಾತ್ರಿ ಮಲಗೋ ಹೊತ್ತಿಗೂ ಅರ್ಧ ಜಿಬಿ ಮಿಕ್ಕಿರತ್ತೆ. ನಿನ್ನೆ ಆ ಹುಡುಗ ಅಮ್ಮಂಗೆ ಫೋನ್ ಮಾಡಿದ್ನಂತೆ, "ಏನಮ್ಮಾ, ಈ ಕಡೆ ಬಂದೇ ಇಲ್ಲ, ನೆಟ್ ಖಾಲಿ ಆಗಿಲ್ವಾ?"