ಆಧಾರ ಚೊಕ್ಕ, ಮಣ್ಣು ಹೊಲಸು: ಹಳೆ ಗ್ಯಾರೇಜು, ಗೋದಾಮಿನ ಜಾಗ ಕೊಳ್ಳುವ ಕಾಸರಗೋಡಿನವರಿಗೆ

ಬದಿಯಡ್ಕ ಕಡೆಯ ರಸ್ತೆಬದಿಯಲ್ಲಿ 40 ಸೆಂಟ್ಸ್ ಜಾಗ. ಮೊದಲು ತೋಟದ ಮದ್ದಿನ (ಕೀಟನಾಶಕದ) ಗೋದಾಮು, ಆಮೇಲೆ ಲಾರಿ ಗ್ಯಾರೇಜು. ಕೊಂಡವರಿಗೆ ಅಲ್ಲಿ ಕ್ಲಿನಿಕ್ ಕಟ್ಟಬೇಕಿತ್ತು. ವಕೀಲರು ಕೊಟ್ಟ ವರದಿಯಲ್ಲಿ ಎಲ್ಲವೂ ಇತ್ತು: 30 ವರ್ಷದ ಇ.ಸಿ. (ಋಣಭಾರ ಪತ್ರ), ಮುನ್ನಾಧಾರಗಳು (ಜಾಗದ ಹಿಂದಿನ ನೋಂದಾಯಿತ ಆಧಾರಪತ್ರಗಳು), ಕೈವಶ ಸರ್ಟಿಫಿಕೇಟ್, ತೆರಿಗೆ ರಶೀದಿ. ಪಾಯ ಅಗೆಯಲು ಜೆಸಿಬಿ ಒಂದೂವರೆ ಮೀಟರ್ ಇಳಿದಾಗ ಕಪ್ಪು ಮಣ್ಣು, ಡೀಸೆಲ್ ವಾಸನೆ, ತುಕ್ಕು ತಿಂದ ಟ್ಯಾಂಕ್. ಮಳೆ ಹಿಡಿದ ಮೇಲೆ ನೆರೆಮನೆಯ ಬಾವಿಯಲ್ಲಿ ಎಣ್ಣೆಪದರ ತೇಲಿತು. ಪಂಚಾಯತಿನಿಂದ ಕೆಲಸ ನಿಲ್ಲಿಸಲು ನೋಟೀಸು ಬಂತು.

ವಕೀಲರ ವರದಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಎಡವಟ್ಟು ಅಲ್ಲೇ ಇರುವುದು. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ಮಾರಾಟ, ಅಡವು, ಪಾಲುಪಟ್ಟಿ ಇತ್ಯಾದಿ. ನೆಲದೊಳಗೆ ಸೋರಿದ ಡೀಸೆಲ್ ಯಾವ ಸಬ್‌ರಿಜಿಸ್ಟ್ರಾರ್ ಪುಸ್ತಕದಲ್ಲೂ ದಾಖಲಾಗುವುದಿಲ್ಲ. 'ಟೈಟಲ್ ನೋಡಿ ಕೊಡಿ' ಎಂದರೆ ವಕೀಲರು ಟೈಟಲ್, ಅಂದರೆ ಒಡೆತನದ ಹಕ್ಕು, ಮಾತ್ರ ನೋಡುತ್ತಾರೆ. ಹಿಂದೆ ಅಲ್ಲಿ ಏನು ನಡೆಯುತ್ತಿತ್ತು ಎಂಬುದನ್ನೂ ನೋಡಬೇಕೆಂದು ಬರೆದೇ ಕೊಡಿ. ಪಂಚಾಯತಿನ ಕಟ್ಟಡ ತೆರಿಗೆ ಮತ್ತು ವ್ಯಾಪಾರ ಲೈಸೆನ್ಸಿನ ಕಡತ, ಕೃಷಿ ಇಲಾಖೆ ಕೊಟ್ಟ ಕೀಟನಾಶಕ ಮಾರಾಟದ ಲೈಸೆನ್ಸ್, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ — ಇವನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಗೆ ಕೇಳಬಹುದು; ಉತ್ತರಕ್ಕೆ 30 ದಿನ. ಆ 30 ದಿನ ಕಾಯದೆ ಅಡ್ವಾನ್ಸ್ ಕೊಡಬೇಡಿ. 1956ಕ್ಕೆ ಮೊದಲು, ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ ಹಳೆ ಆಧಾರಗಳು ಹೆಚ್ಚಾಗಿ ಕನ್ನಡದಲ್ಲಿವೆ. ಮಲಯಾಳ ಮಾತ್ರ ಬಲ್ಲ ವಕೀಲರು ಅವುಗಳ ಷೆಡ್ಯೂಲನ್ನು (ಜಾಗದ ವಿವರಪಟ್ಟಿ) ಹಾರಿಸಿಬಿಡುತ್ತಾರೆ. ಕೊಟ್ಟಿಗೆ, ಹೊಂಡ, ಬಾವಿ ಎಲ್ಲಿತ್ತೆಂದು ಬರೆದಿರುವುದು ಅಲ್ಲೇ.

ಈ ವ್ಯವಹಾರದಲ್ಲಿ ಕುತ್ತಿಗೆಗೆ ಬಂದದ್ದು ಆಧಾರದೊಳಗಿನ ಒಂದೇ ಮಾತು. ಆಸ್ತಿಯಲ್ಲಿರುವ ದೊಡ್ಡ ದೋಷ ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥದ್ದಾದರೆ, ಅದನ್ನು ಮಾರುವವನು ತಿಳಿಸಲೇಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55(1)(ಎ) ಹೇಳುವುದು ಇದನ್ನೇ. ಆದರೆ ಬೇರೆ ಒಪ್ಪಂದ ಇಲ್ಲದಿದ್ದರೆ ಮಾತ್ರ. ಇಲ್ಲಿ ಬ್ಯಾಂಕ್ ಹರಾಜಿನ ನಮೂನೆಯಿಂದ ಎತ್ತಿದ 'ಇದ್ದಲ್ಲಿ ಇದ್ದಂತೆ' (ಇರುವ ದೋಷಗಳ ಸಮೇತ ಕೊಳ್ಳುತ್ತೇನೆ) ಎಂಬ ಮಾತು ಆಧಾರದೊಳಗೆ ಸೇರಿಕೊಂಡಿತ್ತು. ಅಂಗಳದಲ್ಲಿ ಟ್ಯಾಂಕಿನ ಪೈಪು ಮೇಲೆ ಕಾಣುತ್ತಿತ್ತಲ್ಲ ಎಂಬುದು ಎದುರು ವಕೀಲರ ಎರಡನೇ ವಾದ. 'ಏನೂ ಇಲ್ಲ ಮಾರಾಯ್ರೆ' ಎಂದು ಬಾಯಲ್ಲಿ ಹೇಳಿದ್ದು ಬರಹದ ಮುಂದೆ ನಿಲ್ಲುವುದು ಕಷ್ಟ.

ನಿಜವಾದ ಬ್ಯಾಂಕ್ ಹರಾಜು ಇನ್ನೂ ಬಿಗಿ. ಸರ್ಫೇಸಿ (ಸಾಲ ಬಾಕಿಯಾದಾಗ ಒತ್ತೆ ಆಸ್ತಿಯನ್ನು ಬ್ಯಾಂಕ್ ಮಾರುವ ಕಾಯ್ದೆ) ನಿಯಮದಂತೆ ಬಿಡ್ ನಿಂತ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ 25%, ಉಳಿದದ್ದು ಮಾರಾಟ ಖಾಯಂ ಆದ 15 ದಿನದಲ್ಲಿ; ಬರೆದು ಒಪ್ಪಿದರೆ ಮೂರು ತಿಂಗಳವರೆಗೆ ಎಳೆಯಬಹುದು. ಮಣ್ಣಿನ ವರದಿ ನೋಡಿ ಹಿಂದೆ ಸರಿದರೆ ಆ 25% ಮುಟ್ಟುಗೋಲು. ಹರಾಜಿನ ಜಾಗದಲ್ಲಿ ಪರೀಕ್ಷೆ ಬಿಡ್‌ಗೆ ಮೊದಲೇ ಆಗಬೇಕು. ಪರೀಕ್ಷೆಗೆ ಅವಕಾಶ ಕೊಡದಿದ್ದರೆ ಆ ಜಾಗವೇ ಬೇಡ.

ಮಣ್ಣು ಪರೀಕ್ಷೆ ಎಂದು ಕೃಷಿಭವನಕ್ಕೆ ಹೋಗುವವರಿದ್ದಾರೆ. ಅಲ್ಲಿ ನೋಡುವುದು ಪಿಎಚ್, ಸಾರಜನಕ, ರಂಜಕ, ಪೊಟ್ಯಾಶ್. ಗ್ಯಾರೇಜಿನ ಜಾಗಕ್ಕೆ ಬೇಕಾದ್ದು ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್, ಬೆಂಜೀನ್ ಗುಂಪು, ಸೀಸ. ಮದ್ದಿನ ಗೋದಾಮಿಗೆ ಎಂಡೋಸಲ್ಫಾನ್ ಕೀಟನಾಶಕದ ಆಲ್ಫಾ, ಬೀಟಾ ರೂಪ ಎರಡರ ಜೊತೆ ಎಂಡೋಸಲ್ಫಾನ್ ಸಲ್ಫೇಟನ್ನೂ ಹೆಸರಿಸಿಯೇ ಕೇಳಿ. ಮಣ್ಣಿನಲ್ಲಿ ಮೂಲವಸ್ತು ಸಲ್ಫೇಟಾಗಿ ಬದಲಾಗುತ್ತದೆ, ಹೆಚ್ಚು ಕಾಲ ಉಳಿಯುವುದೂ ಅದೇ. ಗೇರುತೋಟಗಳ ಮೇಲೆ ಅದರ ಹೆಲಿಕಾಪ್ಟರ್ ಸಿಂಪಡಣೆ 2000ದಲ್ಲಿ ನಿಂತಿತು, ಸುಪ್ರೀಂ ಕೋರ್ಟ್ ತಡೆ ಬಂದದ್ದು 2011ರ ಮೇಯಲ್ಲಿ. ಹಳೆ ದಾಸ್ತಾನು ಎಲ್ಲೆಲ್ಲಿತ್ತೆಂದು ಊರಿನ ಹಿರಿಯರನ್ನೂ ಕೇಳಿ. ಲ್ಯಾಬಿಗೆ ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಇದ್ದರೆ ಸಾಲದು, ಆ ನಿರ್ದಿಷ್ಟ ಪರೀಕ್ಷೆ ಮಾನ್ಯತೆಯ ಪಟ್ಟಿಯಲ್ಲಿದೆಯೇ ನೋಡಿ. ಮಾದರಿಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ತುಂಬಬೇಡಿ. ಗಾಜಿನ ಬಾಟಲಿ, ಟೆಫ್ಲಾನ್ ಮುಚ್ಚಳ, ಐಸ್ ಪೆಟ್ಟಿಗೆ. ಹತ್ತು ಕಡೆಯ ಮಣ್ಣು ಕಲಸಿ ಒಂದೇ ಮಾದರಿ ಮಾಡಿದರೆ ಟ್ಯಾಂಕಿನಡಿಯ ವಿಷ ಉಳಿದ ಒಂಬತ್ತರಲ್ಲಿ ತೆಳುವಾಗಿ ವರದಿ ಚಂದ ಬರುತ್ತದೆ. ಟ್ಯಾಂಕು, ಸರ್ವಿಸ್ ಹೊಂಡ, ಚರಂಡಿ ಬಾಯಿಗಳಲ್ಲಿ ಬೇರೆಬೇರೆಯಾಗಿ, ಮುರಕಲ್ಲು (ಲ್ಯಾಟರೈಟ್) ಸಿಗುವ ಆಳದವರೆಗೂ ತೆಗೆಸಿ. ನಮ್ಮ ಮುರಕಲ್ಲು ತೂತುತೂತು, ನೀರು ಇಳಿದಂತೆ ಎಣ್ಣೆಯೂ ಇಳಿಯುತ್ತದೆ. ಬಾವಿನೀರನ್ನು ಬೇಸಗೆಯಲ್ಲೊಮ್ಮೆ, ಜೂನಿನ ಮಳೆಯ ಮೇಲೊಮ್ಮೆ ನೋಡಿಸಿ.

ಕರಾರಿನಲ್ಲಿ ಮೂರು ಮಾತು ಇರಲಿ: ಹಿಂದಿನ ಬಳಕೆಯ ಬಗ್ಗೆ ಮಾರುವವರ ಲಿಖಿತ ಹೇಳಿಕೆ; ವರದಿ ಕೆಟ್ಟದಾದರೆ ಅಡ್ವಾನ್ಸ್ ವಾಪಸ್; ನೋಂದಣಿಯ ನಂತರ ಸಿಕ್ಕ ಮಾಲಿನ್ಯದ ಖರ್ಚೂ ಅವರದೇ ಎಂಬ ಷರತ್ತು. ಮಳೆಗಾಲದ ಬಾವಿ ವರದಿ ಬರುವವರೆಗೆ ಒಂದಿಷ್ಟು ಹಣ ತಡೆಹಿಡಿಯಲು ಆದರೆ ಇನ್ನೂ ಒಳ್ಳೆಯದು. ಮಾಲಿನ್ಯ ಮಾಡಿದವರೇ ಖರ್ಚು ಹೊರಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲೇ ಒಪ್ಪಿದೆ, ಕಲುಷಿತ ಜಾಗಗಳಿಗೆಂದೇ ಕೇಂದ್ರದ ನಿಯಮ 2025ರ ಜುಲೈಯಲ್ಲಿ ಬಂದಿದೆ. ಆದರೆ ಮಾಡಿದವರು ಯಾರೆಂದು ತೋರಿಸುವ ಹೊತ್ತಿಗೆ ಬ್ಯಾಂಕ್ ಸಾಲದ ಬಡ್ಡಿ ಓಡುತ್ತಿರುತ್ತದೆ.

ಇನ್ನು ಅಗೆದ ಮಣ್ಣು. ರಾತ್ರಿ ಟಿಪ್ಪರಿನಲ್ಲಿ ತುಂಬಿ ಹಳೆ ಕಲ್ಲುಕೋರೆಗೆ ಸುರಿಯುವ ಸಲಹೆ ಕೊಡುವವರು ಬೇಕಾದಷ್ಟು. ಹಾಗೆ ಮಾಡಿದ ಮರುಗಳಿಗೆ ಮಾಲಿನ್ಯ ಮಾಡಿದವರು ನೀವಾಗುತ್ತೀರಿ. ಅಪಾಯಕಾರಿ ತ್ಯಾಜ್ಯವೆಂದು ಮಂಡಳಿ ನಿರ್ಧರಿಸಿದರೆ ಅದು ಫಾರ್ಮ್ 10ರ (ತ್ಯಾಜ್ಯದ ಸಾಗಣೆ ಚೀಟಿ) ಜೊತೆ ಕೊಚ್ಚಿಯ ಅಂಬಲಮೇಡಿನ ವಿಲೇವಾರಿ ಘಟಕಕ್ಕೆ ಹೋಗಬೇಕು. ಹತ್ತಿರವೆಂದು ತಲಪಾಡಿ ಗಡಿ ದಾಟಿಸಿ ಕರ್ನಾಟಕಕ್ಕೆ ಕಳಿಸುವುದಾದರೆ ಎರಡೂ ರಾಜ್ಯಗಳ ಮಂಡಳಿಯ ನಿರಾಕ್ಷೇಪಣಾ ಪತ್ರ ಬೇಕು. ಆ 40 ಸೆಂಟ್ಸಿನ ಮಣ್ಣು ಸದ್ಯ ಟಾರ್ಪಾಲಿನಡಿ ಅಲ್ಲೇ ಬಿದ್ದಿದೆ.